ಸೆರಗಿನ ಹಿಂಬದಿ

ಬಾನುಲಿಯಲ್ಲಿ ಸೀರೆಯ ವಿಷಯ ಮಾತನಾಡಲು ಹೊರಡುವುದು ಒಂದು ಬಗೆಯ ಅವಿವೇಕವೇ ಸರಿ. ಕಣ್ಣಿಗೆ ಕಾಣಬೇಕಾದ ವಸ್ತುವನ್ನು ಕಿವಿಗೆ ಒಪ್ಪಿಸುವ ಕೆಲಸವದು. ಅದರಲ್ಲಿಯೂ ನಾನು ನೇಕಾರನಲ್ಲ, ಬಟ್ಟೆಯ ವ್ಯಾಪಾರಿಯಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಅಲಂಕಾರಶಾಸ್ತ್ರವನ್ನು ಪಾಠ ಹೇಳಿದವನು. ಉಪಮೆ, ರೂಪಕ, ಉತ್ಪ್ರೇಕ್ಷೆಗಳ ಲಕ್ಷಣಗಳನ್ನು ಕರಿಹಲಗೆಯ ಮೇಲೆ ಬರೆದು ಅಳಿಸಿ, ಅಳಿಸಿ ಬರೆದು ಕಾಲ ಕಳೆದೆ. ಅಷ್ಟೂ ವರ್ಷ ನನ್ನ ಮನೆಯ ಟ್ರಂಕಿನಲ್ಲಿ ಅಲಂಕಾರದ ಒಂದು ಉತ್ತಮ ಗ್ರಂಥ ಮಡಿಸಿ ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಅದು ನನ್ನ ಅವ್ವನ ಚಂದ್ರಕಾಳಿ ಸೀರೆ.

ಉತ್ತರ ಕರ್ನಾಟಕದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ಚಂದ್ರಕಾಳಿ ಎಂದರೆ ಕಪ್ಪು ಸೀರೆ. ನಮ್ಮ ಕಡೆ ಮದುವಣಗಿತ್ತಿಗೆ ಕೊಡುವ ಉಡುಗೊರೆಗಳಲ್ಲಿ ಕಸೂತಿ ತುಂಬಿದ ಕಪ್ಪು ಸೀರೆಗೆ ಒಂದು ಸ್ಥಾನವಿತ್ತು. ಕಪ್ಪಿನ ಮೇಲೆ ಬಿಳಿ, ಕೆಂಪು, ಹಸಿರು, ಹಳದಿಯ ರೇಷ್ಮೆ ಎಳೆಗಳಲ್ಲಿ ಗೋಪುರ, ತೇರು, ಆನೆ, ನವಿಲು, ತುಳಸಿಯ ವೃಂದಾವನ, ತೊಟ್ಟಿಲು. ಸೆರಗಿನ ಬಳಿ ದೊಡ್ಡ ದೊಡ್ಡ ಚಿತ್ರಗಳು. ಅಲ್ಲಿಂದ ಒಡಲಿನ ಕಡೆಗೆ ಹೋದಂತೆ ಅವು ಸಣ್ಣವಾಗುತ್ತ, ವಿರಳವಾಗುತ್ತ, ಕೊನೆಗೆ ಚುಕ್ಕೆಗಳಾಗಿ ನಿಲ್ಲುತ್ತವೆ. ಜಾತ್ರೆಯಿಂದ ಊರ ಹೊರಗೆ ನಡೆದುಹೋಗುತ್ತಿರುವ ಹಾಗೆ. ಅವ್ವ ಅದನ್ನು ವರ್ಷದಲ್ಲಿ ಎರಡು ಮೂರು ಸಲ ಉಡುತ್ತಿದ್ದಳು. ಉಟ್ಟ ದಿನ ಅವಳ ನಡಿಗೆಯೇ ಬೇರೆಯಾಗಿರುತ್ತಿತ್ತೆಂದು ನನಗೆ ನೆನಪು.

ಅವ್ವ ತೀರಿಕೊಂಡು ಇಪ್ಪತ್ತು ವರ್ಷಗಳಾದವು. ಅವಳ ಮಿಕ್ಕ ಸೀರೆಗಳು ಕೌದಿಗಳಾದವು. ಅವನ್ನು ಹೊದ್ದೇ ನನ್ನ ಮಕ್ಕಳು ಬೆಳೆದರು. ಇದೊಂದನ್ನು ಮಾತ್ರ ನಾನು ಯಾರಿಗೂ ಕೊಡಲಿಲ್ಲ. ನುಸಿಗುಳಿಗೆ ಹಾಕಿ, ಹಳೆಯ ಪಂಚೆಯಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟೆ. ಹೆಂಡತಿ ಒಂದೆರಡು ಸಲ ತೆಗೆದು ಗಾಳಿಗೆ ಹಾಕುವೆನೆಂದಾಗ, ಬೇಡ, ಹಾಗೆಯೇ ಇರಲಿ ಎಂದೆ. ಭಕ್ತಿ ಎಂದುಕೊಂಡಿದ್ದೆ. ಅದರಲ್ಲಿ ಎಷ್ಟು ಪಾಲು ಭಕ್ತಿ, ಎಷ್ಟು ಪಾಲು ಆಲಸ್ಯ ಎಂಬುದು ಮುಂದೆ ಗೊತ್ತಾಯಿತು.

ಎರಡು ವರ್ಷಗಳ ಹಿಂದೆ ಮೊಮ್ಮಗಳ ಕಾಲೇಜಿನಲ್ಲಿ ಎಲ್ಲರೂ ಹಳೆಯ ಕಾಲದ ಉಡುಪು ಧರಿಸಿ ಬರಬೇಕಾದ ಒಂದು ದಿನವನ್ನು ಗೊತ್ತುಮಾಡಿದ್ದರು. ಅವಳಿಗೆ ಮುತ್ತಜ್ಜಿಯ ಸೀರೆ ಬೇಕಾಯಿತು. ವರ್ಷದ ಮಿಕ್ಕ ದಿನಗಳಲ್ಲಿ ಬೇಡವಾದದ್ದನ್ನು ಒಂದು ದಿನಕ್ಕೆ ಮಾತ್ರ ಮೆರೆಸುವ ಈ ಹೊಸ ಆಚರಣೆಯ ಬಗ್ಗೆ ನನಗೆ ಗೌರವ ಕಡಿಮೆ. ಆದರೂ ಮೊಮ್ಮಗಳ ಮಾತು, ಟ್ರಂಕು ತೆರೆದೆವು. ಸೀರೆಯನ್ನು ಹಾಸಿಗೆಯ ಮೇಲೆ ಹರಡಿದಳು. ಮೇಲೆ ಕೆಳಗೆ ತಿರುವಿ ನೋಡಿ ಕೇಳಿದಳು: “ಅಜ್ಜಾ, ಇದರದು ಸೀದಾ ಯಾವುದು, ಉಲ್ಟಾ ಯಾವುದು?”

ನಾನು ಕನ್ನಡಕ ಹಾಕಿಕೊಂಡು ಬಾಗಿ ನೋಡಿದೆ. ನನಗೂ ತಿಳಿಯಲಿಲ್ಲ. ಈ ಬದಿಯಲ್ಲಿ ಎಂಥ ಗೋಪುರವೋ ಆ ಬದಿಯಲ್ಲಿಯೂ ಅಂಥದೇ ಗೋಪುರ. ಗಂಟಿಲ್ಲ, ಜೋಲುವ ಎಳೆಯಿಲ್ಲ. ಆ ಸೀರೆಯ ಮಡಿಲಲ್ಲಿ ಮಲಗಿ ಬೆಳೆದವನು, ಅದರ ಸೆರಗಿನಿಂದ ಮುಖ ಒರೆಸಿಸಿಕೊಂಡವನು, ಒಮ್ಮೆಯೂ ಅದನ್ನು ತಿರುವಿ ನೋಡಿರಲಿಲ್ಲ. ಆ ಬೆರಗಿನಲ್ಲಿಯೇ ಇರುವಾಗ ಹುಡುಗಿ ಸೀರೆಯನ್ನು ಎತ್ತಿ ಭುಜದ ಮೇಲೆ ಹಾಕಿಕೊಂಡಳು. ಸಣ್ಣ ಸಪ್ಪಳವಾಯಿತು. ಇಪ್ಪತ್ತು ವರ್ಷ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಮಡಿಕೆಯ ಗೆರೆಗಳುದ್ದಕ್ಕೂ ಬಿರಿದಿತ್ತು. ಚಿತ್ರಗಳು ಇದ್ದ ಹಾಗೆಯೇ ಇದ್ದವು. ಅವುಗಳ ನಡುವಿನ ಬಟ್ಟೆ ಮಾತ್ರ ಬಿಟ್ಟುಕೊಟ್ಟಿತ್ತು. ಉಟ್ಟು, ಒಗೆದು, ಬೇರೆ ಬೇರೆ ರೀತಿಯಲ್ಲಿ ಮಡಿಸಿ ಇಟ್ಟಿದ್ದರೆ ಇನ್ನೂ ಕೆಲವು ಕಾಲ ಬಾಳುತ್ತಿತ್ತೆಂದು ಆಮೇಲೆ ತಿಳಿದವರು ಹೇಳಿದರು. ಕೆಡಿಸಿದವನು ನಾನೇ.

ಇನ್ನು ಕಸೂತಿಯ ಮಾತು. ಕೈ ಮತ್ತು ಸೂತಿ, ಅಂದರೆ ನೂಲು, ಸೇರಿ ಕಸೂತಿಯಾಯಿತೆಂದು ಹೇಳುವವರಿದ್ದಾರೆ. ಕಶೀದಾ ಎಂಬ ಫಾರಸಿ ಮೂಲದ ಮಾತಿನ ಜೊತೆಗೆ ಅದನ್ನು ಹೋಲಿಸುವವರೂ ಇದ್ದಾರೆ. ಅದರಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಹೊಲಿಗೆಗಳು: ಗವಂತಿ, ಮುರ್ಗಿ, ನೇಗಿ, ಮೆಂತೆ. ನೇಗಿಯೆಂದರೆ ನೇಯ್ಗೆಯ ಹಾಗೆ ಕಾಣುವುದು; ಮೆಂತೆಯೆಂದರೆ ಮೆಂತೆಯ ಕಾಳು ಚೆಲ್ಲಿದ ಹಾಗೆ ಅಡ್ಡಡ್ಡ ಬೀಳುವುದು. ಗವಂತಿ ಮತ್ತು ಮುರ್ಗಿಗಳಲ್ಲಿಯೇ ನಾನು ಹೇಳಿದ ಚಮತ್ಕಾರವಿರುವುದು. ಸೂಜಿ ಒಂದು ಹೆಜ್ಜೆ ಬಟ್ಟೆಯ ಮೇಲೆ, ಒಂದು ಹೆಜ್ಜೆ ಬಟ್ಟೆಯ ಕೆಳಗೆ ನಡೆಯುತ್ತ ಮುಂದೆ ಹೋಗುತ್ತದೆ. ಹೋಗುವಾಗ ಬಿಟ್ಟ ಹೆಜ್ಜೆಗಳನ್ನು ಹಿಂತಿರುಗಿ ಬರುವಾಗ ತುಂಬುತ್ತದೆ. ದಾರಿಯಲ್ಲಿ ಕವಲೊಡೆದ ಕಡೆ ಆ ಕವಲಿಗೂ ಹೋಗಿ, ಅದರ ತುದಿ ಮುಟ್ಟಿ, ಬಂದ ದಾರಿಯಲ್ಲೇ ಬಂದು, ಮತ್ತೆ ಮುಂದಕ್ಕೆ. ಕೊನೆಗೆ ಸೂಜಿ ಹೊರಟ ಜಾಗಕ್ಕೇ ಬಂದು ನಿಂತಾಗ ಎರಡೂ ಬದಿಯಲ್ಲಿ ಒಂದೇ ಚಿತ್ರ ಮೂಡಿರುತ್ತದೆ. ಎಲ್ಲಿಯೋ ಒಂದು ಕವಲನ್ನು ಮರೆತರೆ ಬಿಚ್ಚಬೇಕು, ಇಲ್ಲವೆ ಹಿಂಬದಿಯಲ್ಲಿ ಎಳೆ ಹಾರಿಸಬೇಕು. ಹಾಗೆ ಹಾರಿಸುವುದನ್ನು ಬಲ್ಲವರು ಒಪ್ಪುವುದಿಲ್ಲ.

ಬಟ್ಟೆಯ ಮೇಲೆ ಸೀಸದಕಡ್ಡಿಯ ಗೆರೆಯೂ ಇರುವುದಿಲ್ಲ, ಅಚ್ಚೂ ಇರುವುದಿಲ್ಲ. ಹಾಸಿನ ಎಳೆ, ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಅದೂ ಕಪ್ಪು ಬಟ್ಟೆಯಲ್ಲಿ. ಕಪ್ಪು ರೇಷ್ಮೆಯಲ್ಲಿ ಕಪ್ಪು ಎಳೆಗಳನ್ನು ಎಣಿಸುವುದೆಂದರೇನೆಂದು, ಈ ಮಾತನ್ನು ಬರೆಯುವ ಮೊದಲು ನಾನೊಮ್ಮೆ ಪ್ರಯತ್ನಿಸಿದೆ. ಇಪ್ಪತ್ತರ ಆಚೆಗೆ ಲೆಕ್ಕ ತಪ್ಪಿತು.

ನಮ್ಮ ಮೇಷ್ಟರ ಬುದ್ಧಿ ಇಲ್ಲಿ ಸುಮ್ಮನಿರಲಾರದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಅಲಂಕಾರದ ವಿಷಯವಾಗಿ ಒಂದು ಸೂಕ್ಷ್ಮವನ್ನು ಹೇಳಿದ್ದಾನೆ: ಕವಿಯು ರಸದಲ್ಲಿ ತೊಡಗಿರುವಾಗ ಬೇರೆಯಾದ ಪ್ರಯತ್ನವಿಲ್ಲದೆ ತಾನಾಗಿ ಒದಗಿ ಬರುವ ಅಲಂಕಾರವೇ ಅಲಂಕಾರವೆಂಬ ಅರ್ಥದ ಮಾತು. ತರಗತಿಯಲ್ಲಿ ಇದನ್ನು ವಿವರಿಸಲು ನಾನು ಪಡುತ್ತಿದ್ದ ಕಷ್ಟ ಅಷ್ಟಿಷ್ಟಲ್ಲ. ಹುಡುಗರು ಕೇಳುತ್ತಿದ್ದರು: ಪ್ರಯತ್ನವಿಲ್ಲದೆ ಬರುವುದಾದರೆ ಅಭ್ಯಾಸವೇಕೆ? ಈ ಸೀರೆಯನ್ನು ಮೇಜಿನ ಮೇಲೆ ಹರಡಿದ್ದರೆ ಸಾಕಾಗಿತ್ತು. ಇಲ್ಲಿಯ ಚಿತ್ರ ಬಟ್ಟೆಯ ಮೇಲೆ ಅಂಟಿಸಿದ್ದಲ್ಲ. ಬಟ್ಟೆಯ ಹಾಸುಹೊಕ್ಕುಗಳೇ ಅದರ ಛಂದಸ್ಸು. ಎಳೆಗಳ ಲೆಕ್ಕದಲ್ಲಿ ಕೂಡುವ ಗೆರೆಯನ್ನು ಮಾತ್ರ ಅದು ಎಳೆಯುತ್ತದೆ. ಆದ್ದರಿಂದಲೇ ಅಲ್ಲಿ ಆನೆಯ ಬೆನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ನವಿಲಿನ ಕತ್ತೂ ಕೋನವಾಗಿ ತಿರುಗುತ್ತದೆ. ಇದನ್ನು ಒರಟುತನವೆಂದು ಬಗೆದವರನ್ನು ಕಂಡಿದ್ದೇನೆ. ನಾಲ್ಕು ಮಾತ್ರೆಯ ಗಣಕ್ಕೆ ಐದನೆಯ ಮಾತ್ರೆಯನ್ನು ತುರುಕದ ಕವಿಯನ್ನು ಒರಟನೆನ್ನುವ ಹಾಗೆ ಅದು. ಹಾಸುಹೊಕ್ಕು ಎಂಬ ನುಡಿಗಟ್ಟನ್ನು ನನ್ನ ಉಪನ್ಯಾಸಗಳಲ್ಲಿ ಎಷ್ಟು ಸಾವಿರ ಸಲ ಬಳಸಿದ್ದೇನೋ. ಮಗ್ಗದ ಮುಂದೆ ನಿಂತು ಅವೆರಡನ್ನೂ ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ.

ಅದು ಆದದ್ದು ಹೀಗೆ. ಹರಿದ ಸೀರೆಯಂಥದೇ ಇನ್ನೊಂದನ್ನು ಮೊಮ್ಮಗಳಿಗೆ ಮಾಡಿಸಬೇಕೆಂಬ ಹಠ ನನಗೆ ಹುಟ್ಟಿತು. ಪೇಟೆಯಲ್ಲಿ ಕಸೂತಿಯೆಂಬ ಹೆಸರಿನ ಸೀರೆಗಳಿಗೆ ಬರಗಾಲವಿಲ್ಲ. ಒಂದು ಅಂಗಡಿಯಲ್ಲಿ ತೋರಿಸಿದರು. ದೂರದಿಂದ ಚೆನ್ನಾಗಿಯೇ ಇತ್ತು. ಸೆರಗನ್ನು ತಿರುವಿದೆ. ಹಿಂಬದಿಯಲ್ಲಿ ಯಂತ್ರವು ಬಿಟ್ಟ ಎಳೆಗಳ ಸಿಕ್ಕು, ಅದರ ಮೇಲೆ ಕಾಗದದಂಥ ಒಂದು ಅಸ್ತರು. ಇನ್ನೊಂದರಲ್ಲಿ ಕಸೂತಿಯ ಚಿತ್ರವನ್ನು ಹೊಲಿದೇ ಇರಲಿಲ್ಲ, ಬಣ್ಣದಲ್ಲಿ ಅಚ್ಚುಹಾಕಿದ್ದರು. ಯಂತ್ರದ ಮೇಲೆ ನನಗೆ ಹಗೆಯಿಲ್ಲ. ನನ್ನ ಕನ್ನಡಕ, ಗಡಿಯಾರ, ಈ ಮಾತನ್ನು ನಿಮಗೆ ಮುಟ್ಟಿಸುವ ರೇಡಿಯೋ, ಎಲ್ಲವೂ ಯಂತ್ರದ ಮಕ್ಕಳೇ. ಅವುಗಳಲ್ಲಿ ಒಳಗೂ ಹೊರಗೂ ಅಚ್ಚುಕಟ್ಟಾದವು ಎಷ್ಟೋ ಇವೆ. ಯಂತ್ರವು ತನಗೆ ಸಹಜವಾದ ಚಿತ್ರವನ್ನು ಬಿಡಿಸಲಿ. ಎಣಿಸದೆ ಹೊಲಿದು, ಎಣಿಸಿದವರ ಹೆಸರಿನಲ್ಲಿ ಮಾರುವಾಗ ಮನಸ್ಸು ಕಹಿಯಾಗುತ್ತದೆ. 2006ರಲ್ಲಿ ಕಸೂತಿಗೆ ಭೌಗೋಳಿಕ ಗುರುತಿನ ಕಾನೂನು ರಕ್ಷಣೆ ದೊರೆತಿದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಾಗಿಡುವ ಕಾಯಿದೆ 1985ರಷ್ಟು ಹಿಂದೆಯೇ ಬಂದಿದೆ. ಆದರೆ ಕೊಳ್ಳುವವನು ಸೆರಗನ್ನು ತಿರುವಿ ನೋಡದಿದ್ದರೆ ಕಾಯಿದೆ ತಾನೆ ಏನು ಮಾಡೀತು?

ಕೊನೆಗೆ ಪರಿಚಿತರೊಬ್ಬರು ಧಾರವಾಡದಲ್ಲಿ ಕಸೂತಿ ಹಾಕುವ ಒಬ್ಬ ತಾಯಿಯ ಮನೆಗೆ ಕರೆದುಕೊಂಡು ಹೋದರು. ಐವತ್ತು ದಾಟಿದವರು. ಅವ್ವನ ಸೀರೆಯ ಒಂದು ತುಂಡನ್ನು ಅವರ ಮುಂದಿಟ್ಟೆ. ಅವರು ಮೊದಲು ಮಾಡಿದ ಕೆಲಸವೆಂದರೆ ಅದನ್ನು ತಿರುವಿದ್ದು. ಆಮೇಲೆ ಬೆರಳಾಡಿಸಿ ಒಂದು ಗೋಪುರದ ಹತ್ತಿರ ನಿಂತು ನಕ್ಕರು. “ಇಲ್ಲೊಂದು ಎಳಿ ತಪ್ಪ್ಯಾರ ನೋಡ್ರಿ” ಎಂದರು. ನನಗೆ ಕಾಣಲಿಲ್ಲ. ಗೋಪುರದ ಒಂದು ಅಂತಸ್ತು ಒಂದೇ ಒಂದು ಎಳೆಯಷ್ಟು ಪಕ್ಕಕ್ಕೆ ಸರಿದಿತ್ತಂತೆ. ಮುಂದಿನ ಅಂತಸ್ತಿನಲ್ಲಿ ಅದನ್ನು ಸರಿದೂಗಿಸಿಕೊಂಡಿದ್ದರಂತೆ. ಎಪ್ಪತ್ತು ವರ್ಷಗಳ ಹಿಂದೆ ಯಾವುದೋ ಮಧ್ಯಾಹ್ನ ಯಾವ ಹೆಣ್ಣುಮಗಳಿಗೋ ಲೆಕ್ಕ ತಪ್ಪಿದ್ದು, ತಪ್ಪಿತೆಂದು ತಿಳಿದದ್ದು, ಬಿಚ್ಚಲೋ ಮುಂದೆ ಹೋಗಲೋ ಎಂದು ಯೋಚಿಸಿದ್ದು, ಇಷ್ಟೂ ಈ ತಾಯಿ ಹಳೆಯ ಕೈಬರಹವನ್ನು ಓದುವ ಹಾಗೆ ಓದಿದರು. ಹಸ್ತಪ್ರತಿಗಳ ಪಾಠಾಂತರ ಗುರುತಿಸುವ ವಿದ್ವಾಂಸರನ್ನು ಕಂಡಿದ್ದೇನೆ. ಈಕೆ ಅವರಿಗೆ ಕಡಿಮೆಯವರಲ್ಲ.

ಅವರು ಒಂದು ಮೊತ್ತ ಹೇಳಿದರು. ನಾನು, ಬಹುಕಾಲದ ಅಭ್ಯಾಸಬಲದಿಂದ, “ಸ್ವಲ್ಪ ನೋಡಿ ಹೇಳ್ರಿ” ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. “ಸರ, ಹೂವಿಗೆ ಇಷ್ಟು, ಗೋಪುರಕ್ಕ ಇಷ್ಟು ಅಂತ ರೊಕ್ಕಾ ಕೊಡತಾರ್ರಿ. ಎಳಿ ಎಣಿಸಿದ್ದಕ್ಕ ಯಾರೂ ಕೊಡಂಗಿಲ್ಲ. ಎಣಿಸಿದ್ದು ಎಲ್ಲಿ ಕಾಣತೈತ್ರಿ?” ಎಂದರು. ಕಣ್ಣು ಮೊದಲಿನ ಹಾಗಿಲ್ಲ, ಸಂಜೆಯ ಮೇಲೆ ಕೆಲಸ ಸಾಗುವುದಿಲ್ಲ ಎಂದೂ ಹೇಳಿದರು. ಮಗಳು ಕಲಿತಿದ್ದಾಳೆಯೇ ಎಂದು ಕೇಳಿದೆ. ಕಲಿತಿದ್ದಾಳೆ, ಹಾಕುವುದಿಲ್ಲ, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ, ತಿಂಗಳು ಮುಗಿದರೆ ಪಗಾರ ಬರುತ್ತದೆ. ಇದಕ್ಕೆ ನಾನೇನು ಹೇಳಲಿ? ಉತ್ತರಪತ್ರಿಕೆಗೆ ಇಷ್ಟೆಂದು ಹಣ ಪಡೆದು ಬೇಸಗೆಗಳನ್ನು ಕಳೆದವನು ನಾನು. ಓದಿದ್ದಕ್ಕೂ ಯಾರೂ ಬೇರೆ ಕೊಡುತ್ತಿರಲಿಲ್ಲ. ಆದರೆ ನನಗೆ ಅದರ ಜೊತೆಗೆ ಸಂಬಳವಿತ್ತು, ಈಗ ಪಿಂಚಣಿಯಿದೆ. ಅವರು ಹೇಳಿದ ಮೊತ್ತಕ್ಕೆ ಒಪ್ಪಿ ತಲೆತಗ್ಗಿಸಿಕೊಂಡು ಎದ್ದೆ. ಹೊರಡುವಾಗ ಒಂದು ಕರಾರು ಹಾಕಿದರು: ಬಟ್ಟೆ ಕೈಮಗ್ಗದ್ದೇ ಇರಬೇಕು, ಎಳೆ ಸಮನಾಗಿರಬೇಕು, ಇಳಕಲ್ಲಿನದಾದರೆ ಒಳ್ಳೆಯದು.

ಹೀಗಾಗಿ ಇಳಕಲ್ಲಿಗೆ ಹೋದೆ. 1997ರಲ್ಲಿ ವಿಜಾಪುರದಿಂದ ಬೇರೆಯಾದ ಬಾಗಲಕೋಟೆ ಜಿಲ್ಲೆಯ ಊರು ಅದು. ಅದೇ ಜಿಲ್ಲೆಯಲ್ಲಿ ಕುಪ್ಪಸದ ಖಣಕ್ಕೆ ಹೆಸರಾದ ಗುಳೇದಗುಡ್ಡವಿದೆ, ಪಟ್ಟದಕಲ್ಲಿದೆ. ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸುವಾಗ ಹೇಳುವ ಕಿಸುವೊಳಲು ಈ ಪಟ್ಟದಕಲ್ಲೇ. ಆ ಗ್ರಂಥವೂ ಆನಂದವರ್ಧನನೂ ಒಂದೇ ಶತಮಾನದವರೆಂಬುದು ಬಸ್ಸಿನ ಕಿಟಕಿಯಲ್ಲಿ ಕುಳಿತಾಗ ಹೊಳೆಯಿತು. ಹೊಳೆದದ್ದರಿಂದ ಏನೂ ಸಿದ್ಧವಾಗುವುದಿಲ್ಲ, ದಾರಿ ಮಾತ್ರ ಬೇಗ ಸಾಗಿತು.

ನಾನು ಹೋದದ್ದು ಒಂದು ಕುಣಿಮಗ್ಗದ ಮನೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಕಾರರು ನೇಯುತ್ತಿದ್ದರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಡಸಾಲೆಯಲ್ಲಿ ಕುಳಿತಿದ್ದ ಇಬ್ಬರು ಹೆಂಗಸರ ಕೆಲಸ. ಇಳಕಲ್ಲ ಸೀರೆಯ ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡು ಬೇರೆ ಬೇರೆ ಹಾಸುಗಳು. ಒಡಲಿನ ಪ್ರತಿಯೊಂದು ಎಳೆಯ ಕುಣಿಕೆಯಲ್ಲಿ ಸೆರಗಿನ ಎಳೆಯ ಕುಣಿಕೆಯನ್ನು ಸಿಕ್ಕಿಸಿ ಅವನ್ನು ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಬೇರೆ ಮಗ್ಗಗಳಲ್ಲಿ ಒಮ್ಮೆ ಹಾಸು ಹೂಡಿದರೆ ಸೀರೆಯ ಮೇಲೆ ಸೀರೆ ಬರುತ್ತ ಹೋಗಬಹುದು. ಇಲ್ಲಿ ಸೀರೆ ಸೀರೆಗೂ ಹೊಸ ಕೊಂಡಿ. ಅವರ ಬೆರಳುಗಳ ಓಟವನ್ನು ನನ್ನ ಕಣ್ಣು ಹಿಂಬಾಲಿಸಲಾರದಾಯಿತು. ಅವರಾದರೋ ಮನೆಯ ಯಾವುದೋ ಮದುವೆಯ ಸುದ್ದಿಯನ್ನು ಮಾತನಾಡಿಕೊಳ್ಳುತ್ತಿದ್ದರು.

ಇಷ್ಟೊಂದು ತೊಡಕೇಕೆ? ರೇಷ್ಮೆ ದುಬಾರಿ. ಒಡಲು ಹೊಲದಲ್ಲಿ, ಒಲೆಯ ಮುಂದೆ ಸವೆಯುವಂಥದು. ಅದಕ್ಕೆ ಹತ್ತಿ ಸಾಕು, ಹತ್ತಿಯೇ ಮೇಲು. ಸೆರಗು ತಲೆಯ ಮೇಲೆ, ಭುಜದ ಮೇಲೆ ನಾಲ್ಕು ಜನರ ಕಣ್ಣಿಗೆ ಬೀಳುವಂಥದು, ಅಲ್ಲಿಗೆ ರೇಷ್ಮೆ. ಬಡತನವನ್ನು ಬಲ್ಲ ನಾಡಿನಲ್ಲಿ ಮೆರುಗು ಎಲ್ಲಿರಬೇಕು, ಎಷ್ಟಿರಬೇಕು ಎಂಬುದರ ಲೆಕ್ಕವಿದು. ಕ್ಷೇಮೇಂದ್ರನು ಔಚಿತ್ಯವೆಂದು ಕರೆದ ಗುಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾವ್ಯದಲ್ಲಿಯೂ ಸುಲಭವಾಗಿ ಸಿಕ್ಕಲಾರದು. ಹೊಟ್ಟೆಬಟ್ಟೆಗೆ ಒದಗಿದಷ್ಟರಲ್ಲಿ ಅಂದವನ್ನು ದುಡಿಸಿಕೊಂಡ ಜನ, ತಮಗೆ ಸೌಂದರ್ಯದೃಷ್ಟಿಯಿದೆಯೆಂದು ಎಲ್ಲಿಯೂ ಹೇಳಿಕೊಂಡವರಲ್ಲ.

ಸೆರಗಿನ ಮೇಲಿನ ಕೆಂಪು ಬಿಳಿಯ ವಿನ್ಯಾಸಕ್ಕೆ ತೋಪ ತೆನೆಯೆಂಬ ಹೆಸರು. ತೆನೆಯೆಂದರೆ ಜೋಳದ ತೆನೆ. ಕೋಟೆಯ ಗೋಡೆಯ ಮೇಲಿನ ಹಲ್ಲುಹಲ್ಲಾದ ಸಾಲಿಗೂ ಕನ್ನಡದಲ್ಲಿ ತೆನೆಯೆನ್ನುತ್ತಾರೆ. ಈ ಸೆರಗಿನಲ್ಲಿರುವುದು ಹೊಲವೋ ಕೋಟೆಯೋ ಎಂದು ನೇಕಾರರನ್ನು ಕೇಳಿದೆ. ಅವರು ಮಗ್ಗ ನಿಲ್ಲಿಸದೆ, “ನಿಮಗ ಹ್ಯಾಂಗ ಕಾಣತೈತೋ ಹಂಗರೀ” ಎಂದರು. ದಡಿಯ ಹೆಸರುಗಳನ್ನೂ ಹೇಳಿದರು: ಗೋಮಿ, ಚಿಕ್ಕಿ, ಗಾಡಿ. ವಚನಕಾರ ದಾಸಿಮಯ್ಯನ ಹೆಸರಿನ ಹಿಂದೆ ಇರುವ ಜೇಡ ಎಂಬ ಮಾತಿಗೆ ನೇಕಾರನೆಂದು ಅರ್ಥ. ಆತ ಮಗ್ಗದಲ್ಲಿ ಕುಳಿತೇ ಮಾತನ್ನು ಅಷ್ಟು ಬಿಗಿಯಾಗಿ ನೇಯಲು ಕಲಿತಿರಬೇಕೆಂದು ನನಗೆ ಅಂದು ಅನ್ನಿಸಿತು. ಇದು ವಿದ್ವತ್ತಿನ ಮಾತಲ್ಲ, ಊಹೆ.

ಕುಶಲಕಲೆಗಳ ಉಳಿವಿನ ಮಾತು ಬಂದಾಗ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯದಿರಲಾಗದು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ನೇತೃತ್ವ ವಹಿಸಿ, ಊರೂರು ತಿರುಗಿ ಕುಶಲಕರ್ಮಿಗಳ ಮನೆಬಾಗಿಲಿಗೆ ಹೋದವರು ಅವರು. ಅಂಥವರ ದುಡಿಮೆಯಿಂದ ಎಷ್ಟೋ ಉಳಿದಿದೆ. ಆದರೆ ಉಳಿಸಿದ್ದನ್ನು ನಾವು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟೆವು. ಬೀದರಿನ ಹುಕ್ಕದ ಬುರುಡೆ ದಿವಾನಖಾನೆಯಲ್ಲಿ ಹೂದಾನಿಯಾಯಿತು, ಕಸೂತಿಯ ತುಂಡು ಚೌಕಟ್ಟಿನೊಳಗೆ ಗೋಡೆಯ ಚಿತ್ರವಾಯಿತು. ಚೌಕಟ್ಟಿನಲ್ಲಿ ಹಿಂಬದಿ ಕಾಣುವುದೇ ಇಲ್ಲ. ಟ್ರಂಕಿನಲ್ಲಿಟ್ಟ ನಾನು ಇದನ್ನು ಆಕ್ಷೇಪಿಸಲು ಎಷ್ಟು ಅರ್ಹನೋ ಕೇಳುಗರೇ ಹೇಳಬೇಕು.

ಕಪ್ಪು ಒಡಲಿನ ಇಳಕಲ್ಲ ಸೀರೆ ಧಾರವಾಡದ ಆ ತಾಯಿಯ ಕೈ ಸೇರಿ ಏಳು ತಿಂಗಳಿಗೆ ಸಿದ್ಧವಾಗಿ ಬಂತು. ಗೋಪುರಗಳು ಅವ್ವನ ಸೀರೆಯಲ್ಲಿದ್ದಂಥವೇ. ಆ ತಪ್ಪಿದ ಎಳೆಯನ್ನೂ ಹಾಗೆಯೇ ಹಾಕಿದ್ದಾರೆಯೇ ಎಂದು ಕೇಳಿದ್ದಕ್ಕೆ, “ಅವರ ತಪ್ಪು ಅವರದು, ನನ್ನವು ಬ್ಯಾರೆ ಅದಾವ್ರಿ, ಹುಡಿಕಿಕೊಳ್ರಿ” ಎಂದರು. ನನಗೆ ಇನ್ನೂ ಸಿಕ್ಕಿಲ್ಲ.

ಮೊಮ್ಮಗಳು ಅದನ್ನು ಕಾಲೇಜಿನ ಆ ಒಂದು ದಿನಕ್ಕಾಗಿ ಕಾಯಲಿಲ್ಲ. ಹೋದ ತಿಂಗಳು ಗೆಳತಿಯ ಅಕ್ಕನ ಮದುವೆಗೆ ಉಟ್ಟು, ಅವಳ ಸ್ಕೂಟರಿನ ಹಿಂದೆ ಕುಳಿತು ಹೋದಳು. ರಾತ್ರಿ ತಿರುಗಿ ಬಂದಾಗ ಸೆರಗಿನ ಮೇಲೆ, ಸರಿಯಾಗಿ ತೇರಿನ ಚಿತ್ರದ ಪಕ್ಕದಲ್ಲಿ, ಅಂಗೈಯಗಲ ಸಾರಿನ ಕಲೆ. ಗದರಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಸೆರಗನ್ನು ತಿರುವಿ ಹಿಡಿದು, “ಅಜ್ಜಾ, ಕಲಿನೂ ಎರಡೂ ಕಡೆ ಒಂದ ನಮೂನಿ ಆಗೇದ ನೋಡು” ಎಂದಳು. ನನ್ನ ಹೆಂಡತಿ ಅಂಟುವಾಳದ ಕಾಯಿ ನೆನೆಹಾಕಿ ಮರುದಿನ ಒಗೆದಳು. ಕಲೆ ಬಹುಪಾಲು ಹೋಗಿದೆ. ಸ್ವಲ್ಪ ಉಳಿದಿದೆ.